ಐದನೇ ಸಾಲು

ಪುಸ್ತಕ ಅಮ್ಮನ ಕೈಯಲ್ಲೇ ಉಳಿಯಿತು ಎನ್ನುವುದು ಅವನಿಗೆ ಹೊಳೆದದ್ದು ಬಸ್ ಡಿಪೋದ ಹಾಜರಿ ಮೇಜಿನ ಮುಂದೆ, ಸಹಿಯ ಅರ್ಧಕ್ಕೆ. ಪೆನ್ನು ಅಲ್ಲೇ ನಿಂತಿತು. ಹಿಂದೆ ಕಾಯುತ್ತಿದ್ದ ಕಂಡಕ್ಟರ್, "ಏನ್ ಸಾರ್, ಹೆಸರೇ ಮರ್ತೋಯ್ತಾ?" ಎಂದು ನಕ್ಕ. ಅವನು ಉಳಿದರ್ಧವನ್ನು ಹೇಗೋ ಗೀಚಿ ಪಕ್ಕಕ್ಕೆ ಸರಿದು, ಗೋಡೆಗೆ ಒರಗಿಸಿಟ್ಟಿದ್ದ ಟೈರಿನ ಮೇಲೆ ಕೈಯೂರಿ ನಿಂತ. ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದು, "ಕ್ಯಾರೆಟ್ ಹಾಕಿದ್ದು ಯಾವತ್ತು? ಆ ನಿನ್ನ ಪುಸ್ತಕ ಕೊಡು, ನೋಡ್ತೀನಿ" ಎಂದಿದ್ದಳು. ಹೊತ್ತಾಗಿತ್ತು. ಕಪಾಟಿನ ಮೇಲಿಂದ ಎಳೆದು, ತಾನೇ, ತನ್ನ ಕೈಯಾರೆ ಕೊಟ್ಟು ಬಂದಿದ್ದ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂದರೆ ಇದೇ, ಅದೂ ದಾರ ಬಿಗಿದು ಕಟ್ಟಿದ ಬೂಟಿನ ಕಾಲ ಮೇಲೆ.

ನೀಲಿ ರಟ್ಟಿನ ಉದ್ದನೆಯ ಪುಸ್ತಕ ಅದು. ಹಿತ್ತಲಿನಲ್ಲಿ ಹಲಗೆ ಹೊಡೆದು ಮಣ್ಣು ತುಂಬಿಸಿದ ನಾಲ್ಕು ಏರುಮಡಿಗಳಿದ್ದವು. ಯಾವ ವರ್ಷ ಯಾವ ಮಡಿಯಲ್ಲಿ ಏನು ಎಂಬುದನ್ನು ಅದರಲ್ಲಿ ಗೆರೆ ಎಳೆದು ಬರೆದಿಡುತ್ತಿದ್ದ. ಒಂದು ಮಡಿಗೆ ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ; ಒಂದಕ್ಕೆ ಬೀನ್ಸ್; ಒಂದಕ್ಕೆ ಸೊಪ್ಪು; ಇನ್ನೊಂದಕ್ಕೆ ಏನೂ ಇಲ್ಲ, ಒಣ ಎಲೆ ಹೊದಿಸಿ ಸುಮ್ಮನೆ ಬಿಡುವುದು. ಮುಂದಿನ ವರ್ಷ ಎಲ್ಲವೂ ಒಂದೊಂದು ಮಡಿ ಮುಂದಕ್ಕೆ. ಸುಮ್ಮನೆ ಬಿಟ್ಟ ಮಡಿಯ ಸಾಲಿನಲ್ಲಿ ಅವನು ದುಂಡನೆಯ ಅಕ್ಷರದಲ್ಲಿ 'ವಿಶ್ರಾಂತಿ' ಎಂದು ಬರೆಯುತ್ತಿದ್ದ. ಇಷ್ಟಕ್ಕೇ ನಿಲ್ಲಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಪುಟದಲ್ಲಿ ಜಾಗವಿತ್ತು, ಗೆರೆ ಎಳೆದಾಗಿತ್ತು. ನಾಲ್ಕು ಮಡಿಗಳ ಕೆಳಗೆ ಐದನೆಯ ಸಾಲು ಮಾಡಿ, ಅದರ ತಲೆಗೆ 'ಅಮ್ಮ' ಎಂದು ಬರೆದಿದ್ದ. ಮುಂದೆ ಚೌಕ ಚೌಕವಾಗಿ ಮೂರು ಮನೆ, ಒಂದೊಂದಕ್ಕೂ ನಾಲ್ಕು ತಿಂಗಳು. ಮೊದಲನೆಯದರಲ್ಲಿ 'ಇಲ್ಲಿ'. ಎರಡನೆಯದರಲ್ಲಿ 'ಅಣ್ಣನ ಮನೆ — ವಿಶ್ರಾಂತಿ'. ಮೂರನೆಯದರಲ್ಲಿ 'ತಂಗಿಯ ಮನೆ — ವಿಶ್ರಾಂತಿ'.

ಮತ್ತು ಇವತ್ತು ಸಂಜೆ ನಾಲ್ಕು ಗಂಟೆಗೆ ಅಣ್ಣ ಕಾರು ತೆಗೆದುಕೊಂಡು ಬರುವವನಿದ್ದ. ಅಮ್ಮನ ಮೊದಲನೆಯ ಮನೆ ಇವತ್ತಿಗೆ ಮುಗಿಯುತ್ತಿತ್ತು.

ಅವನು ತನ್ನ ಕೋಣೆಗೆ ಹೋಗಿ ಕುರ್ಚಿ ಎಳೆದು ಕೂತ. ಗೋಡೆಯ ತುಂಬ ಚಾರ್ಟು. ಇನ್ನೂರ ಹತ್ತು ಡ್ರೈವರು, ಇನ್ನೂರು ಕಂಡಕ್ಟರು, ಯಾರಿಗೆ ಯಾವ ದಿನ ಯಾವ ರೂಟು, ಯಾರಿಗೆ ಬೆಳಗಿನ ಪಾಳಿ, ಯಾರಿಗೆ ರಜೆ, ಎಲ್ಲ ಅವನ ಕೈಬರಹ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಡ್ರೈವರುಗಳು ಹಿಂದಿನಿಂದ ಅವನನ್ನು ಚಾರ್ಟಪ್ಪ ಎನ್ನುತ್ತಿದ್ದರು. ಅವನಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಮೊದಲು ಪೆನ್ಸಿಲು, ಆಮೇಲೆ ಶಾಯಿ, ಅದು ಅವನ ನಿಯಮ. ಪೆನ್ಸಿಲಿನಲ್ಲಿದ್ದಷ್ಟು ದಿನ ಯಾರು ಬೇಕಾದರೂ ಬಂದು ಗೋಗರೆಯಬಹುದು. ಶಾಯಿ ಬಿದ್ದ ಮೇಲೆ ಬ್ರಹ್ಮ ಬಂದರೂ ಬದಲಿಲ್ಲ ಎಂದು ಹೇಳುತ್ತಿದ್ದ, ಹೇಳಿ ತಾನೇ ಬದಲಿಸುತ್ತಲೂ ಇದ್ದ. ಅಪ್ಪ ಹೋದ ಮೇಲೆ ಮೂವರು ಮಕ್ಕಳೂ ಒಂದೇ ಸೋಫಾದ ಮೇಲೆ ಒತ್ತಿ ಕೂತು, ಅಮ್ಮ ಒಳಗೆ ಪಾತ್ರೆ ಒರೆಸುವ ಸದ್ದನ್ನೇ ಕೇಳುತ್ತಿದ್ದ ಆ ಮಧ್ಯಾಹ್ನ, ಜೇಬಿನಿಂದ ಪೆನ್ಸಿಲು ತೆಗೆದವನು ಅವನೇ. ನಾಲ್ಕು, ನಾಲ್ಕು, ನಾಲ್ಕು ತಿಂಗಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ. "ನೀನಿಲ್ದಿದ್ರೆ ನಾವು ಕಚ್ಚಾಡ್ಕೊಂಡು ಸಾಯ್ತಿದ್ವಿ" ಎಂದು ತಂಗಿ ಕಣ್ಣೊರೆಸಿಕೊಂಡಿದ್ದಳು. ಅಣ್ಣ ಬೆನ್ನು ತಟ್ಟಿದ್ದ. ಅವತ್ತು ಅವನಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅಮ್ಮನನ್ನು ಕೇಳಲಿಲ್ಲ ಎಂಬುದು ಅವನ ತಲೆಗೆ ಬಂದದ್ದು ಎರಡು ವರ್ಷದ ಮೇಲೆ, ಯಾವುದೋ ಬೇರೆಯವರ ಮನೆಯ ವಿಷಯ ಮಾತಾಡುವಾಗ.

ನಿನ್ನೆ ಊಟಕ್ಕೆ ಕೂತಾಗ ಅಮ್ಮ ಕೇಳಿದ್ದು ಒಂದೇ ಒಂದು. ತಟ್ಟೆಯ ಕಡೆಗೇ ನೋಡುತ್ತ, "ಕ್ಯಾರೆಟ್ ಬಲಿಯೋಕೆ ಇನ್ನು ಹನ್ನೆರಡು ದಿನ ಇರ್ಬೋದು. ಅಲ್ಲೀತನಕ ಇರ್ಲಾ?" ಎಂದಿದ್ದಳು. ಇರಲಾ ಎಂದು, ಬಾಡಿಗೆಗೆ ಬಂದವರು ಕೇಳುವ ಹಾಗೆ. ಅವನ ಹೆಂಡತಿ ಅವನ ಮುಖ ನೋಡಿದಳು. ಅವನು ನೀರು ಕುಡಿದು, ಲೋಟ ಕೆಳಗಿಟ್ಟು, "ಅಣ್ಣ ರಜೆ ಹಾಕ್ಬಿಟ್ಟಿದಾನಲ್ಲಮ್ಮ. ಚಾರ್ಟ್ ಒಂದ್ಸಲ ಮಾಡಿದ್ಮೇಲೆ ಮುಗೀತು, ಒಂದು ಕಡೆ ಎಳೆದ್ರೆ ಎಲ್ಲಾ ಕಡೆ ಬಿಚ್ಕೊಳುತ್ತೆ" ಎಂದ. ಡ್ರೈವರಿಗೆ ಹೇಳುವ ಮಾತು, ಅದೇ ದನಿ. "ಹೌದೌದು, ಅದೂ ನಿಜ" ಎಂದು ಅಮ್ಮ ಅನ್ನ ಕಲಸಿಕೊಂಡಳು. ಅಷ್ಟು ಬೇಗ ಒಪ್ಪಿಕೊಂಡದ್ದೇ ಅವನಿಗೆ ಮುಳ್ಳಿನಂತೆ ಚುಚ್ಚಿತ್ತು. ಇನ್ನೊಂದು ಸಲ ಕೇಳಿದ್ದರೆ ಅವನು ರೇಗಬಹುದಾಗಿತ್ತು, ರೇಗಿ ಆಮೇಲೆ ಒಪ್ಪಬಹುದಾಗಿತ್ತು.

ಅಮ್ಮನ ಸಾಲಿನಲ್ಲಿ ಆ 'ವಿಶ್ರಾಂತಿ' ಬರೆದದ್ದು ಯಾವಾಗ? ಅವನು ಮೇಜಿನ ಮೇಲಿನ ರೂಟು ಚೀಟಿಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸಿದ. ಕಳೆದ ವರ್ಷ, ಅಮ್ಮ ಅಣ್ಣನ ಕಾರು ಹತ್ತಿದ ಮಧ್ಯಾಹ್ನ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಅಮ್ಮನ ಕುರ್ಚಿಯಲ್ಲಿ, ಕಾಲು ಚಾಚಿ ಕೂತಿದ್ದ. ಮನೆ ಮೌನವಾಗಿತ್ತು. ಕೆಮ್ಮಿಲ್ಲ. ಕೋಣೆಯಿಂದ ಎದ್ದು ಹೋದರೆ ಹಿಂದೆಯೇ ಬಂದು ದೀಪ ಆರಿಸುವವರಿಲ್ಲ. ಸ್ನಾನದ ಮನೆ ಖಾಲಿಯಿದೆಯೇ ಎಂದು ಕಿವಿಗೊಡಬೇಕಿಲ್ಲ. ಐವತ್ತೆರಡು ವರ್ಷದ ಗಂಡಸನ್ನು ಹಿಡಿದು, "ಒದ್ದೆ ತಲೇಲಿ ಹೊರಗೆ ಹೋಗ್ಬೇಡ" ಎನ್ನುವವರಿಲ್ಲ. ಅವನ ಮೈಯೆಲ್ಲ ಸಡಿಲವಾಯಿತು, ಅಷ್ಟು ಸುಖವಾಗಿ ಎಷ್ಟೋ ದಿನದಿಂದ ಕೂತಿರಲಿಲ್ಲ. ಎದ್ದು ಹೋಗಿ ಪುಸ್ತಕ ತೆಗೆದು, ನಾಲ್ಕನೇ ಮಡಿಯ ಮುಂದೆ ವಿಶ್ರಾಂತಿ ಎಂದು ಬರೆದು, ಪೆನ್ನು ಎತ್ತದೆ ಹಾಗೇ ಕೆಳಗಿಳಿಸಿ ಅಮ್ಮನ ಸಾಲಿನಲ್ಲೂ ಬರೆದ. ತಮಾಷೆಗೆ. ಇಲ್ಲ, ತಮಾಷೆಗಲ್ಲ, ತಮಾಷೆಗಾದರೆ ಒಂದು ಮನೆಯಲ್ಲಿ ಬರೆದು ಬಿಡುತ್ತಿದ್ದ, ಎರಡರಲ್ಲೂ ಬರೆಯುತ್ತಿರಲಿಲ್ಲ. ಒಂದು ವಾರದ ಮೇಲೆ ಹೆಂಡತಿ ಬೀನ್ಸಿನ ತಾರೀಖು ಹುಡುಕುತ್ತ ಆ ಪುಟ ನೋಡಿದ್ದಳು. ಬೈಯಲಿಲ್ಲ. "ಇದನ್ನ ಶಾಯೀಲಿ ಬರೀಬೇಕಿತ್ತಾ?" ಎಂದು ಪುಸ್ತಕ ಮುಚ್ಚಿಟ್ಟಿದ್ದಳು, ಅಷ್ಟೇ.

ಬಾಗಿಲಲ್ಲಿ ನೆರಳು ಬಿತ್ತು. ಮೀಸೆ ಡ್ರೈವರು. ಟೋಪಿ ಕೈಯಲ್ಲಿ ಹಿಡಿದು, ಮೀಸೆಯೇ ಇಳಿಬಿದ್ದ ಹಾಗೆ ನಿಂತಿದ್ದ. "ಸಾರ್, ನಾಳೆ ಉದ್ದದ ರೂಟು ಹಾಕಿದೀರ. ಮಗಳು ಮೊದಲ್ನೇ ಸಲ ಸ್ಟೇಜ್ ಮೇಲೆ ಹಾಡ್ತಾಳೆ. ಸಂಜೆ ಐದಕ್ಕೆ ಬಂದ್ಬಿಡ್ತೀನಿ ಅಂತ ಮಾತು ಕೊಟ್ಬಿಟ್ಟಿದೀನಿ." ಅವನು ಚಾರ್ಟು ನೋಡಿದ. ಶಾಯಿ ಬಿದ್ದಿತ್ತು. ಬೇರೆ ದಿನವಾದರೆ ಒಂದು ಗಂಟೆ ಸತಾಯಿಸಿ, ಅವನಿಂದ ನಾಲ್ಕು ಸಲ ಸಾರ್ ಅನ್ನಿಸಿಕೊಂಡು ಕೊಡುತ್ತಿದ್ದ. ಇವತ್ತು ಮರುಮಾತಿಲ್ಲದೆ ಬಿಳಿ ಚೀಟಿ ಅಂಟಿಸಿ ಹೆಸರು ಬದಲಿಸಿದ. ಮೀಸೆಯವನಿಗೆ ನಂಬಿಕೆಯೇ ಬರಲಿಲ್ಲ. "ಇಷ್ಟೇನಾ ಸಾರ್? ಶಾಯಿ ಬಿದ್ರೆ ಆಗಲ್ಲ ಅಂತೀರಲ್ಲ ಯಾವಾಗ್ಲೂ." ಅವನು, "ಮಾಡಿದವ್ನಿಗೆ ತಿದ್ದೋಕೆ ಬರಲ್ವೇನಯ್ಯ" ಎಂದುಬಿಟ್ಟ. ಹೇಳಿದ ಮೇಲೆ ಅದು ತನ್ನ ಬಾಯಿಂದ ಬಂದ ಮಾತು ಎಂದು ತಿಳಿಯಿತು. ಮೀಸೆಯವನು ಹೋದ ಮೇಲೂ ಆ ಮಾತು ಕೋಣೆಯಲ್ಲೇ ಇತ್ತು. ಯಾರದೋ ಮಗಳ ಹಾಡಿಗೆ ಮೂರು ನಿಮಿಷ ಸಾಕಾಯಿತು. ಅಮ್ಮ ಕೇಳಿದ್ದು ಹನ್ನೆರಡು ದಿನ.

ಹನ್ನೆರಡು ದಿನ ಎಂದರೆ ಏನೆಂದು ಆಗ ಅವನ ತಲೆ ತನ್ನಷ್ಟಕ್ಕೆ ತಾನೇ ಎಣಿಸತೊಡಗಿತು, ಅಭ್ಯಾಸ ಬಲ. ಬಿಸಿಲು ಇಳಿಯದೆ ಕ್ಯಾರೆಟ್ ಬೀಜ ಮೊಳೆಯುವುದಿಲ್ಲ, ಆದ್ದರಿಂದ ಬಿತ್ತನೆ ಅಮ್ಮ ಬಂದು ನಲವತ್ತು ದಿನಕ್ಕೆ. ಬಲಿಯಲು ತೊಂಬತ್ತೆರಡು ದಿನ. ಒಟ್ಟು ನೂರ ಮೂವತ್ತೆರಡು. ಅಮ್ಮನಿಗಿರುವುದು ನೂರಿಪ್ಪತ್ತು. ಈ ವರ್ಷ ಎರಡನೇ ಮಡಿ, ಕಳೆದ ವರ್ಷ ಒಂದನೇ ಮಡಿ, ಅದರ ಹಿಂದಿನ ವರ್ಷ ನಾಲ್ಕನೇ ಮಡಿ. ಮಡಿ ಬದಲಾಗಿತ್ತು, ಹನ್ನೆರಡು ದಿನ ಬದಲಾಗಿರಲಿಲ್ಲ. ಪ್ರತಿ ಸಲ ಬಿತ್ತಿದ್ದು ಅಮ್ಮ. ಕ್ಯಾರೆಟ್ ಬೀಜ ಧೂಳಿನಷ್ಟು ಸಣ್ಣದು, ಅವನ ಕೈಯಲ್ಲಿ ಗುಪ್ಪೆ ಗುಪ್ಪೆಯಾಗಿ ಬೀಳುತ್ತದೆ. ಅಮ್ಮ ಮರಳಿಗೆ ಬೆರೆಸಿ, ಹಲಗೆಯ ಅಂಚಿನ ಮೇಲೆ ಕೂತು, ಮೂರು ಬೆರಳಿನ ಚಿಟಿಕೆಯಲ್ಲಿ ಸಾಲು ಹಿಡಿದು ಬಿಡುತ್ತಿದ್ದಳು. ಒತ್ತಾಗಿ ಬಂದ ಸಸಿಗಳನ್ನು ಮೊದಲ ವರ್ಷ ಅವನು ಎಸೆಯಲು ಮನಸ್ಸಾಗದೆ ಕಿತ್ತು ಬೇರೆ ಕಡೆ ನೆಟ್ಟಿದ್ದ. ಅಮ್ಮ ಬೇಡವೆಂದಿದ್ದಳು, "ಟೊಮೇಟೊ ಆದ್ರೆ ಸರಿ, ಗಡ್ಡೆ ಜಾತಿ ಒಂದ್ಸಲ ಕಿತ್ರೆ ಮುಗೀತು, ಇನ್ನೊಂದು ಕಡೆ ನೆಟ್ರೆ ನೆಟ್ಟಗೆ ಇಳಿಯಲ್ಲ" ಎಂದು. ಅವನು ಕೇಳಲಿಲ್ಲ. ಅವು ಬದುಕಿದವು, ಆದರೆ ಕೀಳುವಾಗ ನೋಡಿದರೆ ಒಂದೊಂದಕ್ಕೂ ಎರಡೆರಡು ಮೂರು ಮೂರು ಕಾಲು, ಸೊಟ್ಟ, ಒಂದಕ್ಕೊಂದು ಸುತ್ತಿಕೊಂಡು. ಅದನ್ನು ನೋಡಿ ನಗಲು ಅಮ್ಮ ಇರಲಿಲ್ಲ; ಅಣ್ಣನ ಮನೆಗೆ ಹೋಗಿ ಹನ್ನೆರಡು ದಿನವಾಗಿತ್ತು. ನೆಟ್ಟಗಿದ್ದ ನಾಲ್ಕನ್ನು ಆರಿಸಿ, ಪೇಪರಿನಲ್ಲಿ ಸುತ್ತಿ, ಆ ಕಡೆ ಹೋಗುವ ಬಸ್ಸಿನ ಡ್ರೈವರ ಕೈಯಲ್ಲಿ ಕಳಿಸಿದ್ದ. ಮರುವರ್ಷವೂ ಹಾಗೇ. ಬಿತ್ತುವುದು ಅವಳು, ಕೀಳುವುದು ತಾನು. ಮೂರು ವರ್ಷ ಚಾರ್ಟಿನಲ್ಲಿ ಕಣ್ಣಿಗೆ ರಾಚುವ ಹಾಗೆ ಬರೆದದ್ದು ಚಾರ್ಟಪ್ಪನಿಗೇ ಕಾಣಲಿಲ್ಲ. ದೀಪದ ಬುಡ ಕತ್ತಲೆ.

ಅವನು ಮನೆಗೆ ಫೋನು ಮಾಡಿದ. ಹೆಂಡತಿ ಎತ್ತಿದಳು. "ಅಮ್ಮ ಏನ್ಮಾಡ್ತಿದಾಳೆ?"

"ಹಿತ್ತಲಲ್ಲಿ ಕೂತಿದಾರೆ. ನಿಮ್ ಪುಸ್ತಕ ಓದ್ತಿದಾರೆ. ನಿಮ್ ಹಳೇ ಕನ್ನಡಕ ಬೇರೆ ಹಾಕ್ಕೊಂಡು."

"ಅದನ್ನ ಇಸ್ಕೊ."

"ಏನಂತ ಇಸ್ಕೊಳ್ಲಿ?"

ಹಿಂದೆ ಯಾವುದೋ ಬಸ್ಸು ಗರ್ ಎಂದು ಶುರುವಾಗಿ ಕಿಟಕಿಯ ಗಾಜು ನಡುಗಿತು. ಹೆಂಡತಿಗೆ ಅರ್ಥವಾಗಿರಬೇಕು. "ಬಟ್ಟೆ ಎಲ್ಲಾ ಬೆಳಿಗ್ಗೇನೇ ತುಂಬ್ಕೊಂಡ್ರು. ನಾನು ಮಡಿಸ್ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ. ನೀವೇ ಬನ್ನಿ" ಎಂದು ಫೋನಿಟ್ಟಳು.

ಅರ್ಧ ದಿನದ ರಜೆ ಬರೆದುಕೊಟ್ಟು ಹೊರಟ. ತನ್ನದೇ ಡಿಪೋದ ಬಸ್ಸು ಹತ್ತಲು ಮನಸ್ಸಾಗಲಿಲ್ಲ, ಡ್ರೈವರು ಮಾತಿಗೆಳೆಯುತ್ತಾನೆ. ನಡೆದೇ ಹೋದ. ಬೀಗದ ಅಂಗಡಿ, ಟೈಲರ್ ಅಂಗಡಿ, ದಂತವೈದ್ಯರ ಬೋರ್ಡಿನಲ್ಲಿ ನಗುವ ಹಲ್ಲು, ಎಲ್ಲ ದಾಟುತ್ತ ಉತ್ತರಗಳನ್ನು ಜೋಡಿಸಿದ. ಒಂದು: ಅದು ನಾಲ್ಕನೇ ಮಡಿಯದು, ಕೈತಪ್ಪಿ ಕೆಳಗಿನ ಸಾಲಿಗೆ ಬಂತು. ಆದರೆ ಎರಡು ಸಲ ಕೈತಪ್ಪುತ್ತದೆಯೇ? ಇನ್ನೊಂದು: ನಿನ್ನ ಕೋಣೆಗೆ ವಿಶ್ರಾಂತಿ ಅಂತ, ಮಂಚಕ್ಕೆ, ಹಾಸಿಗೆಗೆ. ಥೂ, ಹಾಸಿಗೆಗೆ ಯಾರಾದರೂ ವಿಶ್ರಾಂತಿ ಕೊಡುತ್ತಾರೆಯೇ. ಏನೂ ಹೇಳದೆ ಪುಸ್ತಕ ಎತ್ತಿಕೊಂಡು ಒಳಗಿಡಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಮ್ಮನಿಗೆ ಕಣ್ಣು ಮಂಜು, ಸಣ್ಣ ಅಕ್ಷರ ಕಾಣಿಸದೆಯೂ ಇರಬಹುದು. ಅವಳ ಕಣ್ಣು ಮಂಜಾಗಿರಲಿ ಎಂದು ತಾನು ಬಯಸುತ್ತಿದ್ದೇನೆ ಎನ್ನುವುದು ಅವನಿಗೆ ರಸ್ತೆ ದಾಟುವ ನಡುವೆ ತಿಳಿದು, ಒಂದು ಸ್ಕೂಟರಿನವನಿಂದ ಬೈಸಿಕೊಂಡ. ಚಿಕ್ಕಂದಿನಲ್ಲಿ ಒಮ್ಮೆ ಶಾಲೆಯಿಂದ ಕೊಟ್ಟ ಪ್ರಗತಿಪತ್ರದಲ್ಲಿ ಅಪ್ಪನ ಸಹಿಯನ್ನು ತಾನೇ ಹಾಕಿದ್ದ. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮಪ್ಪನ ಕೈ ಇತ್ತೀಚೆಗೆ ಚೆನ್ನಾಗಿ ತಿರುಗ್ತಿದೆ" ಎಂದಷ್ಟೇ ಹೇಳಿ ಚೀಲಕ್ಕೆ ಹಾಕಿದ್ದಳು. ಅವಳಿಗೆ ಗೊತ್ತಾಯಿತೋ ಇಲ್ಲವೋ ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಮನೆ ಸೇರಿದಾಗ ನಡುಮನೆಯಲ್ಲಿ ಅಮ್ಮನ ಕಂದು ಬಣ್ಣದ ಚೀಲ ಜಿಪ್ಪು ಹಾಕಿಕೊಂಡು ಸಿದ್ಧವಾಗಿತ್ತು. ಅದರ ಮೇಲೆ ಔಷಧಿ ಡಬ್ಬಿ, ಅದರ ಮೇಲೆ ಛತ್ರಿ. ಅವನು ಬೂಟು ಬಿಚ್ಚದೆ ಹಿತ್ತಲಿಗೆ ನಡೆದ. ಅಮ್ಮ ಎರಡನೇ ಮಡಿಯ ಹಲಗೆಯ ಮೇಲೆ ಕೂತಿದ್ದಳು. ಹಲಗೆಗಳನ್ನು ಅವನು ತೊಡೆಯೆತ್ತರಕ್ಕೆ ಹೊಡೆದದ್ದು ತನ್ನ ಸೊಂಟ ನೋವಿಗೆ. ಅಮ್ಮ ಬಗ್ಗಬಾರದೆಂದು ಮಗ ಮಡಿಯನ್ನೇ ಎತ್ತರಿಸಿದ ಎಂದು ಅಕ್ಕಪಕ್ಕದವರು ಹೊಗಳಿದಾಗ ಅವನು ಇಲ್ಲವೆಂದಿರಲಿಲ್ಲ. ಪುಸ್ತಕ ಅವಳ ತೊಡೆಯ ಮೇಲೆ ತೆರೆದಿತ್ತು. ಕನ್ನಡಕದ ಒಂದು ಕಡ್ಡಿಗೆ ಅವನೇ ಹಿಂದೊಮ್ಮೆ ಸುತ್ತಿದ್ದ ಟೇಪು. ಕ್ಯಾರೆಟ್ ಸೊಪ್ಪು ಅವಳ ಮೊಣಕೈ ಮುಟ್ಟುವಷ್ಟು ಬೆಳೆದು ಗಾಳಿಗೆ ಅಲ್ಲಾಡುತ್ತಿತ್ತು.

"ಬೇಗ ಬಂದ್ಯಲ್ಲ" ಎಂದಳು.

"ಕೆಲ್ಸ ಇರ್ಲಿಲ್ಲ."

"ನೋಡ್ದೆ. ನಾ ಹೇಳಿದ್ದು ಸರಿಯಾಗಿದೆ, ಹನ್ನೆರಡೇ ದಿನ." ಬೆರಳು ಕೆಳಗೆ ಜಾರಿತು. ಬೆರಳು ಒಂದನೇ ಮಡಿ ದಾಟಿ, ಎರಡನೆಯದು, ಮೂರನೆಯದು, ನಾಲ್ಕನೆಯದು ದಾಟಿ ಐದನೇ ಸಾಲಿನ ಮೇಲೆ ನಿಂತಿತು. "ಮತ್ತೆ ಇದು. ಅಣ್ಣನ ಮನೆ, ವಿಶ್ರಾಂತಿ. ತಂಗಿ ಮನೆ, ವಿಶ್ರಾಂತಿ. ಅಲ್ಲಿಗೆ ಹೋದಾಗ ನಾನು ಕೈಕಾಲು ಆಡಿಸ್ಬಾರ್ದು, ಸುಮ್ನೆ ಕೂತಿರ್ಬೇಕು ಅಂತಾನಾ?" ತಲೆಯೆತ್ತಿ ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

ಇದು ಅವನು ಜೋಡಿಸಿದ್ದ ಯಾವ ಉತ್ತರದಲ್ಲೂ ಇರಲಿಲ್ಲ. ಅವಳೇ ಹೊಲಿದುಕೊಟ್ಟ ಅಂಗಿ. ಇವನು ತೋಳು ತೂರಿಸಿದರೆ ಸಾಕು. ಬದುಕಿದೆಯಾ ಬಡಜೀವವೇ ಎಂದು ಒಳಗೆ ಯಾರೋ ನಿಟ್ಟುಸಿರು ಬಿಟ್ಟರು. "ಹೂಂ. ಇಲ್ಲಿ ಮಡಿ ಕೆಲ್ಸ ಎಲ್ಲಾ ಮಾಡ್ತೀಯಲ್ಲ, ಅದಕ್ಕೆ" ಎಂದ. ದನಿ ಸಲೀಸಾಗಿ ಬಂತು, ಅಷ್ಟು ಸಲೀಸಾಗಿ ಬಂದದ್ದಕ್ಕೇ ನಾಚಿಕೆಯಾಯಿತು. ಅಮ್ಮ, "ಒಳ್ಳೇದು. ನನ್ನ ಮೈ ಮೇಲೆ ನಿಂಗಾದ್ರೂ ನಿಗಾ ಇದೆ" ಎಂದು ಮತ್ತೆ ಪುಸ್ತಕಕ್ಕೆ ತಿರುಗಿದಳು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಲೋಟ ತೊಳೆಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಅವನು ಬಗ್ಗಿ ಎರಡು ಕಳೆ ಕಿತ್ತ. ಅವು ಕಳೆಯಲ್ಲ, ಬೀಟ್‌ರೂಟಿನ ಮರಿ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಅಣ್ಣನ ಕಾರು ಬಂತು. ಅಣ್ಣ ಬೆವರು ಒರೆಸಿಕೊಳ್ಳುತ್ತ ನೇರ ಹಿತ್ತಲಿಗೇ ಬಂದ. ಶಾಲೆಗಳಿಗೆ ಬೆಂಚು ಮಾಡಿಕೊಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ನಿಂತಲ್ಲಿ ನಿಲ್ಲದ ಆಸಾಮಿ. ಹಲಗೆಯೊಂದನ್ನು ತಟ್ಟಿ ನೋಡಿ, "ಗೆದ್ದಲು ಬಿದ್ದಿದೆ ಕಣೋ" ಎಂದ. "ಏನಮ್ಮ, ಹೊರಡೋಣ್ವಾ?"

"ಹೊರಡೋಣ. ಅದಕ್ಕೆ ಮೊದ್ಲು ಇದನ್ನ ನೋಡು" ಎಂದು ಅಮ್ಮ ಪುಸ್ತಕ ಚಾಚಿದಳು. "ನಿಮ್ಮನೇಲಿ ನಂಗೆ ವಿಶ್ರಾಂತಿಯಂತೆ. ನಿನ್ನ ತಮ್ಮ ಬರ್ದಿಟ್ಟಿದಾನೆ. ನಿನ್ನ ಹೆಂಡತಿಗೂ ತೋರ್ಸು, ಆಮೇಲೆ ಬಟಾಣಿ ಬಿಡ್ಸಿ ಅಂತ ಬುಟ್ಟಿ ಮುಂದಿಟ್ರೆ ನಾನು ಚಾರ್ಟ್ ತೋರಿಸ್ತೀನಿ."

ಅಣ್ಣ ಪುಸ್ತಕವನ್ನು ದೂರ ಹಿಡಿದು ಓದಿದ. ಓದುತ್ತ ಹೋದ ಕಣ್ಣು ಒಂದು ಕಡೆ ನಿಂತಿತು, ಮೇಲಕ್ಕೆ ಹೋಯಿತು, ಮತ್ತೆ ಕೆಳಗೆ ಬಂತು. ಅವನಿಗೆ ಅರ್ಥವಾಗಲು ಕನ್ನಡಕವೂ ಬೇಕಾಗಲಿಲ್ಲ. ಪುಸ್ತಕದ ಮೇಲಿಂದ ತಮ್ಮನನ್ನು ನೋಡಿ ಕಣ್ಣು ಹೊಡೆದ. ಸಿನಿಮಾಕ್ಕೆ ಹೋಗಲು ಇಬ್ಬರೂ ಸೇರಿ ಸುಳ್ಳು ಹೇಳಿದಾಗ ಹೊಡೆಯುತ್ತಿದ್ದ ಹಾಗೆ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ; ನೀನೂ ಅಷ್ಟೇ, ನಾನೂ ಅಷ್ಟೇ, ಬಿಡು ಎನ್ನುವ ಸಲಿಗೆ. ಆದರೆ ಆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವನಿಗೆ ಅಣ್ಣನ ಮನೆಯೂ ಕಂಡಿತು. ಅಲ್ಲೂ ಒಂದು ಕಿಟಕಿ, ಅದರ ಪಕ್ಕ ಒಂದು ಕುರ್ಚಿ, ಅಮ್ಮ ಹೋದ ಮಧ್ಯಾಹ್ನ ಅದರಲ್ಲಿ ಕಾಲು ಚಾಚಿ ಕೂತ ಅಣ್ಣ. ತಂಗಿಯ ಮನೆಯಲ್ಲೂ ಅಂಥದೇ ಒಂದು ಕುರ್ಚಿ ಇರಲೇಬೇಕು. ಮೂರು ಮನೆಗೂ ವಿಶ್ರಾಂತಿ ಇತ್ತು. ನಡುವೆ ಅಮ್ಮ ಚೀಲ ಹಿಡಿದು ಓಡಾಡುತ್ತಿದ್ದಳು, ಎಲ್ಲರಿಗೂ ಅದನ್ನು ಸಮವಾಗಿ ಹಂಚುತ್ತ.

"ಅದು ನಿಂಗಲ್ಲಮ್ಮ" ಎಂದ.

ಅಣ್ಣ ಕೆಮ್ಮಿದ. "ಬಿಡೋ, ಹೊತ್ತಾಯ್ತು."

"ಅದು ನಿಂಗೆ ಅಂತ ಬರ್ದಿದ್ದಲ್ಲ. ನಂಗೆ ಅಂತ ಬರ್ಕೊಂಡಿದ್ದು. ನೀನು ಅಲ್ಲಿದ್ದಾಗ ನಂಗಿಲ್ಲಿ ವಿಶ್ರಾಂತಿ ಅಂತ." ಹೇಳಿ ಮುಗಿಸಿದವನು ಅಮ್ಮನ ಮುಖ ನೋಡದೆ, ಅವಳ ಕಾಲಿನ ಕಡೆ ನೋಡಿದ. ಚಪ್ಪಲಿಯ ಒಳಗೆ ಹೆಬ್ಬೆರಳು ಒಂದು ಸಲ ಮಡಿಸಿಕೊಂಡು ಬಿಚ್ಚಿಕೊಂಡಿತು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅವನಿಗೆ ಅಳು ಬಂತು, ನಿಜವಾದ ಅಳು. ಅಣ್ಣನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ ನಿಂತ.

"ಗೊತ್ತು" ಎಂದಳು ಅಮ್ಮ.

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಬೆಳಿಗ್ಗೆಯಿಂದ ಬೇರೆ ಕೆಲ್ಸ ಇರ್ಲಿಲ್ಲ, ಪುಟಪುಟಾನೂ ಓದ್ದೆ. ಮೇಲಿನ ಸಾಲಲ್ಲೂ ಅದೇ ಬರ್ದಿದೀಯಲ್ಲ. ಬೆಳೆ ಕಿತ್ಮೇಲೆ ವಿಶ್ರಾಂತಿ ಮಡಿಗೆ ತಾನೇ? ಬೆಳೆಗಲ್ವಲ್ಲ."

"ಮತ್ತೆ ಆಗ ಹಂಗ್ಯಾಕೆ ಕೇಳ್ದೆ?"

"ಕೇಳಿ ನೋಡ್ದೆ. ನೀನು ಹೂಂ ಅಂದೆ. ಸರಿ, ಹೂಂ ಅಂತಾನಲ್ಲ, ಇರ್ಲಿ ಅಂತ ಸುಮ್ನಾದೆ." ಕನ್ನಡಕ ಮತ್ತೆ ಏರಿಸಿಕೊಂಡಳು. "ವಿಶ್ರಾಂತಿ ಯಾರಿಗೆ ಬೇಡ. ನಿಮ್ಮಪ್ಪ ವಾರಗಟ್ಲೆ ಊರಿಗೆ ಹೋದ್ರೆ ನಂಗೂ ಹಾಯ್ ಅನ್ನಿಸ್ತಿತ್ತು. ಬರೆದಿಡೋಕೆ ಪುಸ್ತಕ ಇರ್ಲಿಲ್ಲ, ಅಷ್ಟೇ."

ಅಣ್ಣ ಜೋರಾಗಿ ನಕ್ಕ. ಜೊತೆಗೆ ಯಾರೂ ನಗದ್ದರಿಂದ ಅರ್ಧಕ್ಕೆ ನಿಲ್ಲಿಸಿದ. ಇವನು ಮೂಗು ಒರೆಸಿಕೊಂಡು, "ಹನ್ನೆರಡು ದಿನ ಇರು. ನಿನ್ನ ಕ್ಯಾರೆಟ್ ನೀನೇ ಕಿತ್ಕೊಂಡು ಹೋಗು. ಚಾರ್ಟ್ ನಾನು ತಿದ್ತೀನಿ" ಎಂದ. ಆಮೇಲೆ ಅಣ್ಣನ ಕಡೆ ತಿರುಗಿ, "ನೀನು ರಜೆ ಹಾಕಿ ಬಂದಿದೀಯ, ತಪ್ಪು ತಿಳ್ಕೋಬೇಡ" ಎಂದ. ಅಣ್ಣ ರೇಗುತ್ತಾನೆ ಎಂದುಕೊಂಡಿದ್ದ. ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅಣ್ಣನ ಹೆಗಲು, ಬಂದಾಗಿನಿಂದ ಬಿಗಿದುಕೊಂಡಿದ್ದ ಹೆಗಲು, ಒಮ್ಮೆಲೇ ಕೆಳಗಿಳಿಯಿತು. "ಅಯ್ಯೋ ಅದಕ್ಕೇನಂತೆ. ಹನ್ನೆರಡು ಯಾಕೆ, ಹದಿನೈದೇ ಮಾಡು, ಒಂದು ತಿಂಗ್ಳೇ ಆಗ್ಲಿ. ನಿಧಾನವಾಗಿ ಬರ್ತಾಳೆ" ಎಂದ. ಅಷ್ಟು ಬೇಗ ಹೇಳಬಾರದಿತ್ತು ಎಂದು ಅಣ್ಣನಿಗೂ ತಿಳಿದು, ಮತ್ತೆ ಹೋಗಿ ಹಲಗೆಯ ಗೆದ್ದಲನ್ನು ಉಗುರಿನಿಂದ ಕೆರೆಯತೊಡಗಿದ.

ಅಮ್ಮ ಇಬ್ಬರನ್ನೂ ನೋಡಿದಳು. ಮೊದಲು ದೊಡ್ಡವನನ್ನು, ಆಮೇಲೆ ಇವನನ್ನು, ಕ್ಯಾರೆಟ್ ಸಾಲಿನಲ್ಲಿ ಯಾವುದು ಬಲಿತಿದೆ ಎಂದು ನೋಡುವ ಹಾಗೆ ನಿಧಾನವಾಗಿ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು. "ಒಂದು ತಿಂಗ್ಳು ಬೇಡ" ಎಂದಳು. ಹಲಗೆಯ ಮೇಲೆ ಕೈಯೂರಿ ಮಡಿಯ ಕಡೆ ತಿರುಗಿ, ಸೊಪ್ಪಿನ ಬುಡಕ್ಕೆ ಬೆರಳು ಇಳಿಸಿ, ಮಣ್ಣು ಸಡಿಲಿಸಿ ಒಂದನ್ನು ಎಳೆದಳು. ಅದು ಸದ್ದಿಲ್ಲದೆ ಬಂತು. ಕಿರುಬೆರಳಿನಷ್ಟು ಸಣ್ಣದು, ಬಣ್ಣ ಇನ್ನೂ ಪೂರ್ತಿ ಏರಿರಲಿಲ್ಲ, ಆದರೆ ನೆಟ್ಟಗಿತ್ತು. ಹೆಬ್ಬೆರಳಿನಿಂದ ಮಣ್ಣು ಸವರಿ, ಅತ್ತಿತ್ತ ತಿರುಗಿಸಿ ನೋಡಿದಳು. ಮೂರು ವರ್ಷದಲ್ಲಿ ತಾನು ಬಿತ್ತಿದ್ದನ್ನು ತಾನು ಕಿತ್ತದ್ದು ಇದೇ ಮೊದಲು. "ಇನ್ನೂ ಎಳಸು" ಎಂದು, ಅದನ್ನು ಅದೇ ಗುಳಿಯಲ್ಲಿ ಮತ್ತೆ ಇಳಿಸಿ, ಸುತ್ತ ಮಣ್ಣು ಒತ್ತಿದಳು.

"ಹನ್ನೆರಡು ದಿನ" ಎಂದಳು, ಕೈಯ ಮಣ್ಣು ಕೊಡವುತ್ತ. "ಆಮೇಲೆ ನಿಂಗೆ ವಿಶ್ರಾಂತಿ."

ಕಿತ್ತ ಗಡ್ಡೆ ಮತ್ತೆ ನೆಟ್ಟಗೆ ಇಳಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು, ಅವನಿಗೆ ಹೇಳಿಕೊಟ್ಟವಳೇ ಅವಳು. ಅವನು ನಲ್ಲಿಯ ಹತ್ತಿರ ಹೋಗಿ ಕ್ಯಾನು ತುಂಬಿಸಿಕೊಂಡು ಬಂದು, ಆ ಒಂದೇ ಗಿಡದ ಬುಡಕ್ಕೆ ನಿಧಾನವಾಗಿ ನೀರು ಹಾಕಿದ. ಅಮ್ಮ ಬೇಡವೆನ್ನಲಿಲ್ಲ.